ಕೊಡದಲ್ಲಿ ಸಮುದ್ರಸ್ನಾನ

ನಮ್ಮ ಮನೆಯಿಂದ ಸಮುದ್ರಕ್ಕೆ ಹೋಗುವವರು ಪ್ಲಾಸ್ಟಿಕ್ ಕೊಡ ತೆಗೆದುಕೊಂಡೇ ಹೋಗಬೇಕು. ಈ ಕಾನೂನು ಮಾಡಿದವಳು ನಾನು. ಕೊಡ ಹಸಿರೋ ಕೆಂಪೋ ಯಾವುದಾದರೂ ಸರಿ, ತೂತಿರಬಾರದು ಅಷ್ಟೆ. ತೆರೆ ಬಂದು ಸೋತು ನಿಲ್ಲುವ ಕಡೆ ಒದ್ದೆ ಮರಳಿನ ಮೇಲೆ ಕುಳಿತು ಕೊಡವನ್ನು ಮುಂದೆ ಹಿಡಿಯಬೇಕು. ತುಂಬಿದರೆ ತಲೆಗೆ ಸುರಿದುಕೊಳ್ಳಬೇಕು. ಉಪ್ಪುನೀರು ತಲೆಗೆ ಬಿತ್ತು ಎಂದರೆ ಸ್ನಾನ ಆಯಿತು. ನೀರಿಗೆ ಇಳಿಯುವ ಮಾತೇ ಇಲ್ಲ.

ನಾವಿರುವುದು ಮದ್ರಾಸಿನ ಉತ್ತರದ ತುದಿಯಲ್ಲಿ, ಎಣ್ಣೂರಿಗೆ ಹೋಗುವ ದಾರಿಯಲ್ಲಿ. ಚೆನ್ನೈ ಎಂದು ಹೆಸರು ಬದಲಾಗಿ ಎಷ್ಟೋ ಕಾಲವಾಯಿತು, ನನ್ನ ಬಾಯಿ ಬದಲಾಗಲಿಲ್ಲ. ಒಂದು ಬದಿ ಮನೆಗಳು, ನಡುವೆ ರಸ್ತೆ, ಆಚೆ ಬದಿ ಸಮುದ್ರ. ರಸ್ತೆಯ ಮೇಲೆ ಬಂದರಿಗೆ ಹೋಗುವ ಕಂಟೈನರ್ ಲಾರಿಗಳು ಒಂದರ ಹಿಂದೆ ಒಂದು ನಿಂತಿರುತ್ತವೆ. ನಮ್ಮದು ಚಿಕ್ಕ ಹೋಟೆಲು. ನನ್ನ ಗಂಡ ಕುಂದಾಪುರದ ಕಡೆಯಿಂದ ಬಂದು ಹಾಕಿದ್ದು. ಅವರು ತೀರಿಕೊಂಡ ಮೇಲೆ ಮಗ ನಡೆಸುತ್ತಿದ್ದಾನೆ. ಲಾರಿ ಡ್ರೈವರುಗಳು, ವಿದ್ಯುತ್ ಕೇಂದ್ರದ ಕೆಲಸದವರು, ಕುಪ್ಪ ಎನ್ನುವ ಮೀನುಗಾರರ ಕೇರಿಯಿಂದ ಬೆಳಿಗ್ಗೆ ಇಡ್ಲಿ ಕಟ್ಟಿಸಿಕೊಂಡು ಹೋಗುವ ಹೆಂಗಸರು ನಮ್ಮ ಗಿರಾಕಿಗಳು. ನಾನು ಮದುವೆಯಾಗಿ ಬಂದಾಗ ರಸ್ತೆಗೂ ನೀರಿಗೂ ನಡುವೆ ಮನೆಗಳ ಸಾಲು ಇತ್ತು, ಒಂದು ತೆಂಗಿನ ತೋಪೂ ಇತ್ತು. ಈಗ ಇಲ್ಲ, ಸಮುದ್ರ ತಿಂದಿತು. ಉಳಿದದ್ದನ್ನು ತಿನ್ನದಿರಲಿ ಎಂದು ಸರಕಾರದವರು ಆನೆಯಷ್ಟು ದೊಡ್ಡ ಕಲ್ಲುಗಳನ್ನು ತಂದು ಸುರಿದರು. ಅಲ್ಲಲ್ಲಿ ನೀರಿನೊಳಗೂ ಕಲ್ಲಿನ ಸಾಲು ಚಾಚಿದ್ದಾರೆ. ಆ ಸಾಲುಗಳ ನಡುವೆ ಎಲ್ಲೋ ಒಂದೊಂದು ಕಡೆ ಇಷ್ಟಗಲ ಮರಳು ಉಳಿದಿದೆ.

ಆ ಮರಳನ್ನು ನೋಡಿ ಮೋಸ ಹೋಗುವವರು ಭಾನುವಾರ ಬರುತ್ತಾರೆ. ಅಂಬತ್ತೂರಿನ ಫ್ಯಾಕ್ಟರಿ ಹುಡುಗರು, ಪೆರುಂಗುಡಿಯ ಆಫೀಸಿನವರು. ಬಿರಿಯಾನಿ ಪೊಟ್ಟಣ ಮುಗಿಸಿ, ಪ್ಯಾಂಟು ಮಡಚಿ, ಕೈ ಕೈ ಹಿಡಿದುಕೊಂಡು ಇಳಿಯುತ್ತಾರೆ. ಕೈ ಹಿಡಿದುಕೊಂಡರೆ ಭದ್ರ ಎಂದು ಅವರ ಲೆಕ್ಕ. ಒಬ್ಬ ಹೋದರೆ ಉಳಿದವರೂ ಅವನ ಹಿಂದೆ ಹೋಗುವುದಕ್ಕೆ ಅದು ಒಳ್ಳೆಯ ವ್ಯವಸ್ಥೆ. ದಂಡೆಯ ಮೇಲೆ ಮಲಗಿಸಿದವರಿಗೆ ಹೊದಿಸಲು ನಮ್ಮ ಮನೆಯಿಂದ ಬೆಡ್‌ಶೀಟು ಹೋಗಿದೆ, ಒಂದಲ್ಲ ಹಲವು ಸಲ. ಹೋಟೆಲು ಹತ್ತಿರವಿದೆಯಲ್ಲ, ಮೊದಲು ನಮ್ಮಲ್ಲಿಗೇ ಬಂದು ಕೇಳುತ್ತಾರೆ. ಹಳೆಯ ಬೆಡ್‌ಶೀಟುಗಳನ್ನು ಒಗೆದು ಮಡಚಿ ಬೇರೆಯೇ ಇಟ್ಟಿದ್ದೇನೆ. ಕೊಟ್ಟದ್ದನ್ನು ವಾಪಸು ಕೇಳುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದ ಮನೆಗೆ ನನ್ನ ಅತ್ತಿಗೆ ಬಂದರು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ನನಗಿಂತ ದೊಡ್ಡವರು, ನನಗಿಂತ ಗಟ್ಟಿ. ಗಂಡನಿಲ್ಲ, ಮಕ್ಕಳಾಗಲಿಲ್ಲ. ಊರಿನಲ್ಲಿ ಅವರಿದ್ದ ಮನೆ ಹೈವೇ ಅಗಲ ಮಾಡುವಾಗ ಹೋಯಿತು. ಬೇರೆ ಎಲ್ಲಿ ಹೋಗುತ್ತಾರೆ? ಮಗ ಹೋಗಿ ಕರೆದುಕೊಂಡು ಬಂದ. ಒಂದು ಟ್ರಂಕು, ಒಂದು ಅರೆಯುವ ಕಲ್ಲು, ಹೊಸ ಹಲ್ಲಿನ ಸೆಟ್ಟು ಅವರ ಜೊತೆಗೆ ಬಂದವು. ಅರೆಯುವ ಕಲ್ಲು ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ಮ ಹೋಟ್ಲ್ ಚಟ್ನಿ ತಿಂದ್ ಸಾಯುಕಾ?" ಎಂದರು. ಬಂದ ದಿನವೇ.

ಅವರು ಬಂದದ್ದು ಜೂನ್ ತಿಂಗಳಲ್ಲಿ. ಆ ತಿಂಗಳಲ್ಲಿ ಕುಂದಾಪುರದ ಕಡೆ ನಮ್ಮೂರ ಕಡಲು ಹೇಗಿರುತ್ತದೆ ಎಂಬುದು ಆ ಕಡೆಯವರಿಗೆಲ್ಲ ಗೊತ್ತು. ರಾತ್ರಿಯೆಲ್ಲ ಮೊರೆತ, ಎತ್ತರದ ತೆರೆ, ಕೆಸರುಬಣ್ಣದ ನೀರು. ದೋಣಿಗಳನ್ನೆಲ್ಲ ಮೇಲಕ್ಕೆ ಎಳೆದು ತೆಂಗಿನ ಮಡಲು ಹೊದಿಸಿರುತ್ತಾರೆ. ಇಲ್ಲಿ ನೋಡಿದರೆ ಜೂನಿನಲ್ಲಿ ಕೆಂಡದಂಥ ಬಿಸಿಲು, ಗಾಳಿಯೆಲ್ಲ ಭೂಮಿಯ ಕಡೆಯಿಂದ, ನೀರು ನೀಲಿ, ತೆರೆ ಸಣ್ಣದು. ಅತ್ತಿಗೆ ರಸ್ತೆ ದಾಟಿ, ಕಲ್ಲುಗಳ ಸಂದಿಯಿಂದ ನೋಡಿ, ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಇದ್ ಸಮುದ್ರವಾ ಹೆಣೆ? ನಮ್ಮೂರ್ ಕೆರಿ ಇದ್ಕಿಂತ ಜೋರಿತ್ತ್."

"ಇಲ್ಲಿನ ಮಳೆಗಾಲ ಬೇರೆ ಅತ್ತಿಗೆ. ದೀಪಾವಳಿ ಕಳಿಲಿ, ಆಮೇಲ್ ಕಾಣಿ."

"ದೀಪಾವಳಿ ಕಳ್ದ್ ಮೇಲೆ ಯಾವ ಸಮುದ್ರವೂ ಮಜ್ಜಿಗಿ ಇದ್ದಂಗಿರ್ತ್. ನಂಗೆ ಹೇಳ್ಕೊಡ್ಬೇಡ."

ಅವರ ಲೆಕ್ಕ ಅವರ ಮಟ್ಟಿಗೆ ಸರಿಯೇ. ಜೂನಿನಲ್ಲೇ ಇಷ್ಟು ಸಾಧುವಾಗಿರುವ ಸಮುದ್ರ ಎಳ್ಳಮಾವಾಸ್ಯೆಯ ಹೊತ್ತಿಗೆ ಇನ್ನೆಷ್ಟು ಸಾಧುವಾಗಬೇಡ? ಹುಟ್ಟಿದಂದಿನಿಂದ ಒಂದೇ ಕಡಲನ್ನು ನೋಡಿದವರಿಗೆ ಇದನ್ನು ತಲೆಕೆಳಗು ಮಾಡಿ ಯೋಚಿಸಿ ಎಂದರೆ ಆಗುತ್ತದೆಯೇ? ಇಲ್ಲಿ ಮಳೆಯೂ ಗಾಳಿಯೂ ದೀಪಾವಳಿಯ ಆಚೀಚೆ ಸಮುದ್ರದ ಕಡೆಯಿಂದ ಬರುತ್ತವೆ. ಮಾರ್ಗಶಿರ ಮುಗಿಯುವವರೆಗೆ ನೀರಿನ ಸಿಟ್ಟು ಇಳಿಯುವುದಿಲ್ಲ.

ನಮ್ಮೂರ ಕಡೆ ಎಳ್ಳಮಾವಾಸ್ಯೆಯಂದು ಸಮುದ್ರದಲ್ಲಿ ಮೀಯಬೇಕು. ಊರಿಗೆ ಊರೇ ಹೋಗುತ್ತದೆ. ಅಲ್ಲಿ ದಂಡೆ ಚಪ್ಪಟೆ. ಎಷ್ಟು ನಡೆದರೂ ನೀರು ಸೊಂಟ ದಾಟುವುದಿಲ್ಲ. ಅತ್ತಿಗೆ ಒಂದು ವರ್ಷವೂ ತಪ್ಪಿಸಿದವರಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಹೋಗಿ ಮಿಂದು ಬಂದಿದ್ದಾರೆ. ಗಂಡ ಸತ್ತ ವರ್ಷವೂ ಬಿಡಲಿಲ್ಲ. ಮನೆ ಹೋಯಿತು, ಹಿತ್ತಲು ಹೋಯಿತು. ಇದೊಂದನ್ನು ಬಿಡುವುದಿಲ್ಲ ಎಂದು ಅವರ ಹಟ. ಮದ್ರಾಸಿಗೆ ಬಂದ ಮೇಲೆ ನಾನು ಮಾತ್ರ ಕೊಡದಲ್ಲಿ ಮಿಂದು ಮುಗಿಸುತ್ತಿದ್ದೆ. ಇಲ್ಲಿಯವರು ಸಮುದ್ರಕ್ಕೆ ಬರುವುದು ಅದರ ಮುಂದಿನ ಅಮಾವಾಸ್ಯೆಗೆ. ಆದ್ದರಿಂದ ನಮ್ಮ ಅಮಾವಾಸ್ಯೆಯಂದು ದಂಡೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಏನಾದರೂ ಆದರೆ ಕೂಗಿ ಕರೆಯುವುದಕ್ಕೆ ಜನವಿಲ್ಲ.

ಆ ವರ್ಷ ಎರಡು ಸಲ ಬಿರುಗಾಳಿ ಬಂದು ಹೋಗಿತ್ತು. ನಾವು ರೂಢಿಯಂತೆ ಗ್ಯಾಸಿನ ಸಿಲಿಂಡರನ್ನು ಮೇಲೆ ಕಟ್ಟಿ, ಅಕ್ಕಿ ಮೂಟೆಯನ್ನು ಮಹಡಿಗೆ ಹತ್ತಿಸಿ, ರೇಶನ್ ಕಾರ್ಡನ್ನೂ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಬಾಗಿಲ ಹಿಂದೆ ನೇತುಹಾಕಿದ್ದೆವು. ಅತ್ತಿಗೆ ಅದನ್ನೆಲ್ಲ ನೋಡಿದ್ದರು. ನೋಡಿಯೂ, "ಗಾಳಿ ಹೋಯ್ತಲ್ಲ, ಇನ್ನೆಂತ?" ಎಂದರು. ಎಳ್ಳನ್ನು ಆರಿಸಿ ಡಬ್ಬಿಗೆ ಹಾಕಿಟ್ಟುಕೊಂಡರು.

ಅಮಾವಾಸ್ಯೆಯ ಹಿಂದಿನ ದಿನ ಸಂಜೆ ಹೋಟೆಲಿನ ಹಿಂದಿನ ಕೋಣೆಯಲ್ಲಿ ಪಂಚಾಯಿತಿ ಕೂತಿತು. ನಾನು, ಮಗ, ಕಾಲೇಜಿಗೆ ಹೋಗುವ ಮೊಮ್ಮಗಳು ಒಂದು ಕಡೆ. ಅತ್ತಿಗೆ ಒಬ್ಬರೇ ಇನ್ನೊಂದು ಕಡೆ.

ಮೊಮ್ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಂದ ಬರುವುದು ತಮಿಳು. ಮೊಬೈಲು ಎತ್ತಿ ದೊಡ್ಡಜ್ಜಿಗೆ ತೋರಿಸಿದಳು. "ಪಾಟ್ಟಿ, ಅಲರ್ಟ್ ವಂದಿರುಕ್ಕು. ನಾಳೈಕ್ಕು ಅಲೈ ಜಾಸ್ತಿಯಾಂ."

"ಎಂತ ಹೇಳ್ತ್ ಅದ್?" ಎಂದರು ಅತ್ತಿಗೆ.

"ನಾಳೆ ತೆರೆ ಜೋರಂತೆ. ಮೊಬೈಲಿಗೆ ಬಂದಿದೆ," ಎಂದೆ.

"ಸಮುದ್ರ ಎಂತ ಮೊಬೈಲ್ ಕಂಡ್ಕಂಡ್ ತೆರಿ ಹೊಡಿತಾ?"

ಮಗ ಮೆಲ್ಲಗೆ, "ಅತ್ತೆ, ವೇಂಡಾಂ. ಇಲ್ ಇಳಿಯುಕಾಗ. ಎರಡ್ ಹೆಜ್ಜಿ ಹೋದ್ರೆ ಕುತ್ಗಿ ಮಟ್ಟ ನೀರ್," ಎಂದ.

"ನಿನ್ನಪ್ಪನ್ನ ಬಗಲಂಗೆ ಎತ್ಕಂಡ್ ಸಮುದ್ರಕ್ಕೆ ಹೋದೋಳ್ ನಾನ್. ನೀನ್ ನಂಗೆ ಹೇಳ್ತ್ಯಾ?"

ಮಗ ಸಾಂಬಾರು ನೋಡುವ ನೆಪದಲ್ಲಿ ಎದ್ದು ಹೋದ. ಉಳಿದದ್ದು ನಾನು.

"ಅತ್ತಿಗೆ," ಎಂದೆ, "ನಿಮ್ಗೆ ಸಾಯುಕ್ ಮನಸಿದ್ರೆ ನಮ್ ಮನೆಯಂಗೇ ಸಾಯಿ. ಇಲ್ಲೇ ಬೆಂಕಿ ಕೊಡುಕಾತ್ತ್. ಸಮುದ್ರಕ್ಕೆ ಹೋದ್ರೆ ಎಲ್ಲಿಂತ ಹುಡ್ಕುದ್?"

ಅವರು ಸಿಟ್ಟಾಗಲಿಲ್ಲ. "ನಿನ್ ಬಾಯಿ ಒಂದ್," ಎಂದು ನಕ್ಕರು. ಆಮೇಲೆ ತಲೆ ಬಗ್ಗಿಸಿ, ಎಳ್ಳಿನ ಡಬ್ಬಿಯ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ, "ಮೀಯದಿದ್ರೆ ಈ ವರ್ಷ ಆಯ್ತ್ ಅಂತ ನಂಗೆ ಗೊತ್ತಪ್ಪುದ್ ಹ್ಯಾಂಗ್?" ಎಂದರು.

ಕೊನೆಗೆ ಒಂದು ಒಪ್ಪಂದವಾಯಿತು. ಕೊಡ ಬೇಡ ಎಂಬುದು ಅವರ ಮಾತು: "ಸಮುದ್ರಕ್ಕೆ ಹೋಯಿ ಬಿಂದ್ಗಿಯಂಗೆ ಮೀಂಬುದಾ? ಜನ ನಗಾಡ್ತ್ರ್." ನೀರಿಗೆ ಇಳಿಯುವಂತಿಲ್ಲ ಎಂಬುದು ನನ್ನ ಮಾತು. ತೆರೆಯ ತುದಿ ಕಾಲಗಂಟಿಗೆ ತಾಗುವ ಕಡೆ ನಿಲ್ಲುವುದು, ಅಲ್ಲಿಯೇ ಕುಳಿತು ಮೂರು ಸಲ ನೆನೆಯುವುದು, ಸೊಂಟಕ್ಕೆ ನನ್ನ ಹಳೆಯ ನೈಲೆಕ್ಸ್ ಸೀರೆಯನ್ನು ಹಗ್ಗದಂತೆ ತಿರುಚಿ ಕಟ್ಟುವುದು, ಅದರ ಇನ್ನೊಂದು ತುದಿಯನ್ನು ಮಗ ಹಿಡಿಯುವುದು. ನೈಲೆಕ್ಸ್ ಹರಿಯುವುದಿಲ್ಲ. "ದನ ಕಟ್ಟಿದಂಗೆ," ಎಂದರು. ಆದರೂ ಒಪ್ಪಿದರು. ಅಷ್ಟು ಬೇಗ ಒಪ್ಪಿದ್ದು ನನಗೆ ಸರಿ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ತಮಿಳರ ಮಾರ್ಗಳಿ ತಿಂಗಳ ಚಳಿ. ಬೀದಿಯಲ್ಲಿ ಹೆಂಗಸರು ದೊಡ್ಡ ದೊಡ್ಡ ರಂಗೋಲಿ ಹಾಕುತ್ತಿದ್ದರು. ನಾವು ನಾಲ್ವರು ರಸ್ತೆ ದಾಟಿ, ಲಾರಿಗಳ ನಡುವಿನಿಂದ ನುಗ್ಗಿ, ಕಲ್ಲುಗಳ ಮಧ್ಯದ ಮರಳಿಗೆ ಇಳಿದೆವು. ಕೊಡ ನನ್ನ ಕಂಕುಳಲ್ಲಿ. ಅವರು ಬೇಡ ಎಂದರೆ ನಾನೂ ಬಿಡಬೇಕೇ? ಮೋಡ ದಟ್ಟವಾಗಿ ಮುಚ್ಚಿತ್ತು. ಬೆಳಕಾಗಿತ್ತು, ಆದರೆ ಸೂರ್ಯ ಎಲ್ಲಿದ್ದಾನೆ ಎಂದು ಹೇಳುವಂತಿರಲಿಲ್ಲ. ಸಮುದ್ರ ಬೂದಿಬಣ್ಣ, ಆಕಾಶವೂ ಬೂದಿಬಣ್ಣ. ಎಣ್ಣೂರಿನ ಹೊಗೆ ಕೊಳವೆಗಳು ಅರ್ಧ ಮಾತ್ರ ಕಾಣುತ್ತಿದ್ದವು. ತೆರೆ ಬಂದು ಬಿದ್ದ ಸದ್ದು ಅಂಗಾಲಿನಲ್ಲಿ ತಿಳಿಯುತ್ತಿತ್ತು. ಬಿರುಗಾಳಿ ಮರಳನ್ನು ಕೊರೆದು ತೆಗೆದಿತ್ತು, ದಂಡೆ ಮನೆಯ ಮೆಟ್ಟಿಲಿನಂತೆ ಒಮ್ಮೆಲೇ ಇಳಿಯುತ್ತಿತ್ತು.

ಸೀರೆಯನ್ನು ನಾನೇ ಕಟ್ಟಿದೆ, ಎರಡು ಗಂಟು ಹಾಕಿ. ಅತ್ತಿಗೆ ಸೆರಗಿನಿಂದ ಎಳ್ಳು ಬಿಚ್ಚಿ ಅಂಗೈಗೆ ಹಾಕಿಕೊಂಡರು. ನಮಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಸೀರೆ ಸರಿಮಾಡಿಕೊಂಡರು. ಮುಂದೆ ಹೋದರು. ತೆರೆಯ ತುದಿ ಕಾಲಗಂಟಿಗೆ ತಾಗಿತು. ಅಲ್ಲಿ ನಿಲ್ಲಬೇಕಿತ್ತು. ಇನ್ನೂ ಒಂದು ಹೆಜ್ಜೆ ಇಟ್ಟರು, ಇನ್ನೂ ಒಂದು. ನೀರು ಮೊಣಕಾಲಿಗೆ ಬಂತು.

ಆಮೇಲೆ ಅವರು ತಿರುಗಿ ನಿಂತರು. ಮುಖ ನಮ್ಮ ಕಡೆಗೆ, ಬೆನ್ನು ಸಮುದ್ರದ ಕಡೆಗೆ. ಬೊಗಸೆಯಲ್ಲಿ ನೀರು ಎತ್ತಿ, ಕಣ್ಣು ಮುಚ್ಚಿ, ನಮ್ಮ ಹೋಟೆಲಿನ ಬೋರ್ಡಿಗೂ ಲಾರಿಗಳ ಸಾಲಿಗೂ ಅರ್ಘ್ಯ ಕೊಡಲು ಶುರು ಮಾಡಿದರು.

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ತಿಳಿಯಿತು. ಊರಿನಲ್ಲಿ ಕಡಲು ಪಡುವಣಕ್ಕೆ. ಸೂರ್ಯ ಹುಟ್ಟುವುದು ಭೂಮಿಯ ಕಡೆ, ತೆಂಗಿನ ಮರಗಳ ಹಿಂದೆ. ಅಲ್ಲಿ ಸೂರ್ಯನಿಗೆ ನೀರು ಬಿಡುವವರು ಕಡಲಿಗೆ ಬೆನ್ನು ಹಾಕಿಯೇ ನಿಲ್ಲಬೇಕು. ತೆರೆ ಹಿಂದಿನಿಂದ ಬಂದು ಸೊಂಟ ತಟ್ಟಿ ಹೋಗುತ್ತದೆ, ಆ ತಿಂಗಳಲ್ಲಿ ಅದಕ್ಕೆ ಅದಕ್ಕಿಂತ ಹೆಚ್ಚು ಶಕ್ತಿಯಿಲ್ಲ. ಇಲ್ಲಿ ಕಡಲೇ ಮೂಡಣ. ಬಿಸಿಲಿದ್ದರೆ ಕಣ್ಣು ಹೇಳುತ್ತಿತ್ತು. ಅಂದು ಮೋಡ. ಅವರ ಕಾಲು ಅವರನ್ನು ಎಂದಿನಂತೆ ತಿರುಗಿಸಿ ನಿಲ್ಲಿಸಿತ್ತು.

"ಅತ್ತಿಗೆ, ತಿರುಗಿ," ಎಂದು ಕೂಗಿದೆ. ಅವರು ಕಣ್ಣು ಬಿಡದೆ, ತಾಳು ಎಂಬಂತೆ ಗದ್ದ ಅಲ್ಲಾಡಿಸಿದರು. ಮಂತ್ರ ಮುಗಿದಿರಲಿಲ್ಲ.

ತೆರೆ ಅವರ ತಲೆಗಿಂತ ಮೇಲಿಂದ ಬಿತ್ತು. ಇನ್ನೊಮ್ಮೆ ಕೂಗುವುದಕ್ಕೂ ಹೊತ್ತು ಸಿಗಲಿಲ್ಲ. ನೀರು ಹಿಂದಕ್ಕೆ ಸರಿದಾಗ ಅವರು ಅಲ್ಲಿರಲಿಲ್ಲ. ಮಗ ಜಗ್ಗಿ ಎಳೆದ, ಹಿಂದಕ್ಕೆ ಕುಂಡೆಯೂರಿ ಬಿದ್ದ. ಅವನ ಕೈಗೆ ಬಂದದ್ದು ನನ್ನ ನೈಲೆಕ್ಸ್ ಸೀರೆ ಮಾತ್ರ, ಖಾಲಿ. ಅತ್ತಿಗೆ ಗಂಟು ಬಿಚ್ಚಿ, ತುದಿಯನ್ನು ಸೊಂಟಕ್ಕೆ ಸುಮ್ಮನೆ ಸಿಕ್ಕಿಸಿಕೊಂಡಿದ್ದರು.

ಮೊಮ್ಮಗಳು ಅಳುತ್ತ ಕಲ್ಲಿನ ಸಾಲಿನ ಕಡೆ ಓಡಿದಳು. "ಕಲ್ ಹತ್ಬೇಡ," ಎಂದು ಅವಳಿಗೂ ಕೂಗಿದೆ. ಪಾಚಿ ಕಟ್ಟಿದ ಕಲ್ಲು, ಅವಳೂ ಜಾರಿದರೆ ಎರಡು ಬೆಡ್‌ಶೀಟು ಬೇಕಾಗುತ್ತದೆ. ಹೌದು, ಆ ಹೊತ್ತಿನಲ್ಲಿ ನನ್ನ ತಲೆಗೆ ಬಂದದ್ದು ಬೆಡ್‌ಶೀಟೇ. ಕಪಾಟಿನ ಯಾವ ಖಾನೆಯಲ್ಲಿದೆ ಎಂಬುದೂ ನೆನಪಾಯಿತು.

ಇನ್ನೊಂದು ತೆರೆ ಎದ್ದಿತು. ಅದರೊಳಗೆ ಬಿಳಿಯ ಕೂದಲು ಕಂಡಿತು. ತೆರೆ ಅವರನ್ನು ತಂದು ಮರಳಿನ ಮೆಟ್ಟಿಲಿನ ಮೇಲೆ ಅಕ್ಕಿ ಮೂಟೆಯಂತೆ ಎಸೆಯಿತು. ಈ ಸಮುದ್ರ ನನಗೆ ಗೊತ್ತು. ತಂದು ಹಾಕಿದ್ದನ್ನು ಅದು ಬಿಟ್ಟು ಹೋಗುವುದಿಲ್ಲ, ಹಿಂದೆ ಸರಿಯುವಾಗ ಮತ್ತೆ ಎಳೆದುಕೊಳ್ಳುತ್ತದೆ. ನನ್ನ ಮೊಣಕಾಲು ಓಡುವ ಮೊಣಕಾಲಲ್ಲ. ಹೇಗೆ ಹೋದೆನೋ, ಹೋಗಿ ಅವರ ತೊಡೆಯ ಮೇಲೆ ಕುಳಿತುಬಿಟ್ಟೆ. ಎರಡೂ ಕೈಯಿಂದ ಅವರ ತುರುಬು ಹಿಡಿದೆ. ನೀರು ನಮ್ಮಿಬ್ಬರ ಕೆಳಗಿನ ಮರಳನ್ನು ಸರಸರನೆ ಎಳೆಯಿತು. ನಾನು ಸ್ವಲ್ಪ ಜಾರಿದೆ, ಅಷ್ಟೆ. ತೂಕ ಇಳಿಸಿ ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಾರೆ. ಇಳಿಸದೆ ಇದ್ದದ್ದು ಅಂದು ಉಪಯೋಗಕ್ಕೆ ಬಂತು. ಅಷ್ಟರಲ್ಲಿ ಮಗ ಬಂದು ಇಬ್ಬರನ್ನೂ ಕಂಕುಳಿಗೆ ಕೈ ಕೊಟ್ಟು ಮೇಲಕ್ಕೆ ಎಳೆದ.

ಅತ್ತಿಗೆ ಬಹಳ ಹೊತ್ತು ಕೆಮ್ಮಿದರು. ಮೂಗಿನಿಂದ, ಬಾಯಿಂದ ನೀರು ಬಂತು. ಭುಜ ತರಚಿಹೋಗಿತ್ತು. ಉಸಿರು ಸರಿಯಾದ ಮೇಲೆ ಬಾಯಿ ಮುಟ್ಟಿ ನೋಡಿಕೊಂಡರು. ಹಲ್ಲಿನ ಸೆಟ್ಟು ಇರಲಿಲ್ಲ, ಮೇಲಿನದೂ ಕೆಳಗಿನದೂ.

"ಹಲ್ ಹೋಯ್ತ್," ಎಂದರು. ಗಾಳಿ ಮಾತ್ರ ಬಂತು, ಅರ್ಥವಾಯಿತು.

"ಅರ್ಘ್ಯ ಕೊಟ್ಟದ್ದಲ್ದಾ? ತಕಂಡಿತ್ತ್," ಎಂದೆ.

ಮಗ ನನ್ನನ್ನು ದುರುಗುಟ್ಟಿ ನೋಡಿದ. ಅತ್ತಿಗೆ ಮಾತ್ರ ಬೊಚ್ಚುಬಾಯಿ ತೆರೆದು ನಕ್ಕರು, ನಕ್ಕು ಮತ್ತೆ ಕೆಮ್ಮಿದರು. ಆಮೇಲೆ ಕೈ ನೋಡಿಕೊಂಡರು. ಎಳ್ಳು ಒಂದೂ ಉಳಿದಿರಲಿಲ್ಲ. ಎದ್ದು ಮನೆಗೆ ಹೋಗೋಣ ಎಂದರೆ ಏಳಲಿಲ್ಲ.

"ಮುಳ್ಗಿದ್ದ್ ಒಂದೇ ಸಲ," ಎಂದರು. "ಇನ್ನೆರ್ಡ್ ಬಾಕಿ ಇತ್ತ್."

ನಾನು ಅವರ ಮುಖ ನೋಡಿದೆ. ಹಟ ಮಾಡುತ್ತಿರಲಿಲ್ಲ. ಇದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋದರೆ ಅವರು ನಮ್ಮ ಮನೆಯ ಮೂಲೆಯಲ್ಲಿ ಕುಳಿತು ಇದನ್ನೇ ನೆನೆದು ಸವೆದುಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಸಮುದ್ರ ಬಿಟ್ಟದ್ದನ್ನು ಮೂಲೆ ಬಿಡುವುದಿಲ್ಲ. ಕೊಡ ಎಲ್ಲಿ ಎಂದು ನೋಡಿದೆ. ಕಲ್ಲಿನ ಬುಡದಲ್ಲಿ ಉರುಳಿ ನಿಂತಿತ್ತು. ಮಗ ತೆರೆಯ ತುದಿಗೆ ಹೋಗಿ ತುಂಬಿಸಿ ತಂದ. ಅವರು ಬೇಡ ಎನ್ನಲಿಲ್ಲ. ಕುಳಿತಲ್ಲೇ ಎರಡು ಸಲ ಸುರಿದೆ. ತಲೆ ಒರೆಸಿ, ಕರೆದುಕೊಂಡು ಹೋಗಿ, ಬಿಸಿನೀರು ಹಾಕಿ, ಶುಂಠಿ ಕಾಫಿ ಕೊಟ್ಟೆ.

ಹೊಸ ಹಲ್ಲು ಬರುವವರೆಗೆ ಗಂಜಿ, ಮೆತ್ತಗಿನ ಇಡ್ಲಿ. ಹೋಟೆಲಿನ ಚಟ್ನಿಯನ್ನೂ ಸದ್ದಿಲ್ಲದೆ ತಿಂದರು. ಗಂಟು ಬಿಚ್ಚಿದ್ದರ ಬಗ್ಗೆ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸೀರೆಯನ್ನು ಮಾತ್ರ ಅವರೇ ಒಗೆದು, ಒಣಗಿಸಿ, ಬೆಡ್‌ಶೀಟುಗಳ ಪಕ್ಕದಲ್ಲಿ ಮಡಚಿಟ್ಟರು. ಆ ನಂತರ ಭಾನುವಾರದ ಹುಡುಗರು ಹೋಟೆಲಿಗೆ ಬಂದರೆ ಕೈ ತೊಳೆಯುವ ಜಾಗದಲ್ಲಿ ಅವರನ್ನು ತಡೆದು ನಿಲ್ಲಿಸಿ ಕುಂದಾಪುರದ ಕನ್ನಡದಲ್ಲಿ ಬೈಯುವುದು ಶುರುವಾಯಿತು. ಹುಡುಗರಿಗೆ ಒಂದಕ್ಷರ ತಿಳಿಯುವುದಿಲ್ಲ, ಮೊಮ್ಮಗಳು ತಮಿಳಿನಲ್ಲಿ ಹೇಳುತ್ತಾಳೆ. ಕೆಲವರು ಕೇಳುತ್ತಾರೆ. ಕೆಲವರು ಕೇಳುವುದಿಲ್ಲ.

ಈ ವರ್ಷದ ಎಳ್ಳಮಾವಾಸ್ಯೆ ಹೋದ ವಾರ ಆಯಿತು. ಮೊಬೈಲಿಗೆ ಏನಾದರೂ ಬಂತೇ ಎಂದು ಅತ್ತಿಗೆಯೇ ಮೊಮ್ಮಗಳನ್ನು ಕೇಳಿದರು. ಬಂದಿತ್ತು. ಬೆಳಿಗ್ಗೆ ಹೊರಟಾಗ ಕೊಡವನ್ನು ಅವರೇ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಸೀರೆಯನ್ನು ಅವರೇ ಸೊಂಟಕ್ಕೆ ಸುತ್ತಿ, ನನ್ನ ಕೈ ಎಳೆದು ಗಂಟಿನ ಮೇಲೆ ಇಟ್ಟು ತೋರಿಸಿದರು. ಮತ್ತೆ ಮೋಡ. ಒದ್ದೆ ಮರಳಿನ ಮೇಲೆ ಹಳೆಯ ಗೋಣಿ ಹಾಕಿ ಕೂರಿಸಿದೆ. ಅವರು ಒಮ್ಮೆ ಲಾರಿಗಳ ಕಡೆ ನೋಡಿದರು, ಒಮ್ಮೆ ನೀರಿನ ಕಡೆ.

"ಯಾವ ಬದಿಗೆ ಕೂಕಂಬ್ದ್, ಹೇಳ್."

"ಸಮುದ್ರದ ಬದಿಗೆ."

ಮೆಲ್ಲಗೆ ತಿರುಗಿ ಕುಳಿತರು. ಎಳ್ಳು ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಹಂಗಾರೆ ಊರ್ ಬೆನ್ನಿಗಾಯ್ತ್," ಎಂದರು.

"ಆಯ್ತ್," ಎಂದೆ. "ಕಣ್ ಮುಚ್ಚಬೇಡಿ, ತೆರಿ ಕಾಣಿ."

ಅವರು ಕಣ್ಣು ಬಿಟ್ಟುಕೊಂಡೇ ಮಂತ್ರ ಹೇಳಿದರು. ನಾನು ಕೊಡ ಬಗ್ಗಿಸಿದೆ.